ಅಳಿಸಿ ಬರೆದ ಸಂದೇಶ

ಈ ಕೆಲಸಕ್ಕೆ ನಾನು ತೆತ್ತದ್ದು ನನ್ನ ಅಂಗಡಿಯ ಎಲ್ಲರಿಗಿಂತ ದೊಡ್ಡ ಗಿರಾಕಿಯನ್ನು. ಹಾವೇರಿಯಲ್ಲಿ ಆಫೀಸು, ರಾಣೆಬೆನ್ನೂರಿನಲ್ಲಿ ಬೀಜದ ಘಟಕ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಇರುವ ಸಾಹುಕಾರರು ಅವರು. ಮೂರೂ ಊರಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವರ್ಷದ ಒಪ್ಪಂದ ನನ್ನ ಕೈಯಲ್ಲಿತ್ತು. ಅದನ್ನು ಯಾರೂ ಕಸಿದುಕೊಳ್ಳಲಿಲ್ಲ. ನಾನೇ ಚೌಕಾಶಿ ಮಾಡಿ ಬಿಟ್ಟುಕೊಟ್ಟೆ, ಬದಲಿಗೆ ಒಂದು ಪಾನಾ ಕೇಳಿದೆ. ನಟ್ಟು ಬಿಚ್ಚುವ ಕಬ್ಬಿಣದ ಪಾನಾ. ಅದೂ ನನಗಲ್ಲ, ಹರಿದ ಚೀಲ ಹೊಲಿಯುವ ಒಬ್ಬ ಹೆಣ್ಣುಮಗಳಿಗೆ. ನಾನು ಕುದುರಿಸಿದ ವ್ಯವಹಾರಗಳಲ್ಲಿ ಕಣ್ಣುಮುಚ್ಚಿ ಮತ್ತೆ ಅದೇ ದರಕ್ಕೆ ಮಾಡುವಂಥದ್ದು ಇದೊಂದೇ. ಯಾಕೆಂದು ಹೇಳುತ್ತೇನೆ.

ಸಾಹುಕಾರರು ನನ್ನನ್ನು ಕರೆಸಿದ್ದು ಒಂದು ಸಂದೇಹದಿಂದ.

"ಫೋನಿನ್ಯಾಗಿನ ಗ್ರೂಪು ಇನ್ನ ಬ್ಯಾಡ ತಮ್ಮಾ" ಎಂದರು. "ನಾವು ಟೆಂಡರ್ ಹಾಕೂಕಿಂತ ಮೊದ್ಲ ನಮ್ಮ ರೇಟು ಯಾರ್ಯಾರ ಫೋನಿನ್ಯಾಗೋ ತಿರಗಾಡತೈತಿ. ನಮ್ದ ಅಂತ ಒಂದು ಬೇಕು. ನಮ್ಮ ಆಫೀಸಿನ್ಯಾಗ ಇರಬೇಕು, ನಮ್ಮ ಮಂದಿ ಅಷ್ಟ ಮಾತಾಡಬೇಕು."

"ಆಕ್ಕೈತ್ರಿ ಸಾವ್ಕಾರ್ರ. ಆದ್ರ ನಿಮ್ಮ ಮಷೀನು ಎಲ್ಲಾ ಒಂದ ನಮೂನಿ ಇಲ್ರಿ."

"ಇರ್ಲಿ, ಎಲ್ಲಾಕ್ಕೂ ಒಂದ ರೇಟ್ ಹಚ್ಚು."

"ಎಮ್ಮಿ, ಆಡು, ಕೋಳಿ ಎಲ್ಲಾಕ್ಕೂ ಒಂದ ರೇಟ್ ಹಚ್ಚತೀರೇನ್ರಿ?"

ಅವರು ನಕ್ಕರು. ನಕ್ಕ ಮೇಲೆ ಸಾಹುಕಾರರು ಸ್ವಲ್ಪ ಸಡಿಲಾಗುತ್ತಾರೆ, ಅದು ನನಗೆ ಗೊತ್ತಿತ್ತು. ನನಗೆ ಬೇಕಾದ ದರಕ್ಕೆ ತಂದು, ವರ್ಷದ ನಿರ್ವಹಣೆಯನ್ನೂ ಸೇರಿಸಿ ಕಾಗದ ಮಾಡಿಸಿಕೊಂಡೇ ಎದ್ದೆ.

ಕೆಲಸ ಹೀಗಿತ್ತು. ಹಾವೇರಿಯ ಆಫೀಸಿನ ಮೂಲೆಯಲ್ಲಿ ಒಂದು ಸರ್ವರ್ ಇಟ್ಟು, ಅದರ ಮೇಲೆ ಸಂದೇಶ ಕಳಿಸುವ ಸಾಫ್ಟ್‌ವೇರ್ ಹಾಕಬೇಕು. ಉಳಿದ ಪ್ರತಿ ಯಂತ್ರದಲ್ಲೂ ಅದರ ಆ್ಯಪ್ ಇರಬೇಕು. ಆಫೀಸಿನ ಹೊಸ ವಿಂಡೋಸ್ ಕಂಪ್ಯೂಟರುಗಳು ತಕರಾರು ಮಾಡಲಿಲ್ಲ. ಸಾಹುಕಾರರ ಮಗನ ಮ್ಯಾಕ್, ಇದನ್ನು ಮಾಡಿದವರು ಯಾರೋ ನನಗೆ ಗೊತ್ತಿಲ್ಲ ಎಂದು ಬಾಗಿಲಲ್ಲೇ ತಡೆಯಿತು. ಸೆಟ್ಟಿಂಗ್‌ಗೆ ಹೋಗಿ ಅನುಮತಿ ಕೊಟ್ಟ ಮೇಲೆ ಒಳಗೆ ಬಿಟ್ಟುಕೊಂಡಿತು. ರಾಣೆಬೆನ್ನೂರಿನ ಬೀಜ ಪರೀಕ್ಷೆಯ ಕೋಣೆಯಲ್ಲಿ ಲಿನಕ್ಸ್ ಇತ್ತು. ಅಲ್ಲಿ ಆ್ಯಪ್ ಒಂದೇ ಕಡತವಾಗಿ ಬರುತ್ತದೆ, ಚಲಾಯಿಸಲು ನಾವೇ ಅಪ್ಪಣೆ ಕೊಡಬೇಕು. ಕೊಟ್ಟೆ. ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಂಡವು. ಫಾಂಟ್ ಹಾಕಿದ ಮೇಲೆ ಸರಿಹೋಯಿತು. ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಸದ್ದಿಲ್ಲದೆ ಮಲಗಿಸುತ್ತಿತ್ತು. ಒಂದೊಂದೇ ಫೋನನ್ನು ಹಿಡಿದು ಅದನ್ನು ತಪ್ಪಿಸಿದೆ.

ಕೊನೆಗೆ ಉಳಿದದ್ದು ಬ್ಯಾಡಗಿಯ ಮಷೀನ್ ರೂಮು.

ಕೋಲ್ಡ್ ಸ್ಟೋರೇಜಿನ ತಂಪು ಬರುವುದು ಅಮೋನಿಯಾ ಅನಿಲದಿಂದ. ದೊಡ್ಡ ಕಂಪ್ರೆಸರುಗಳು ಅಂಗಳದ ಆ ಕಡೆಯ ಕೋಣೆಯಲ್ಲಿ ಹಗಲೂ ರಾತ್ರಿ ಗುಡುಗುತ್ತಿರುತ್ತವೆ. ಪಕ್ಕದಲ್ಲಿ ಒಂದು ಮುದಿ ಕಂಪ್ಯೂಟರ್, ಅದರಲ್ಲಿ ಹಳೆಯ ವಿಂಡೋಸ್. ಮೆಣಸಿನಕಾಯಿ ಚೀಲ ಇಡುವ ಚೇಂಬರುಗಳ ಉಷ್ಣತೆ ಬರೆದಿಡುವ ಸಾಫ್ಟ್‌ವೇರ್ ಅದರಲ್ಲಿ ಮಾತ್ರ ನಡೆಯುತ್ತದೆ, ಆದ್ದರಿಂದ ಅದನ್ನು ಬದಲಿಸುವ ಹಾಗಿರಲಿಲ್ಲ. ಹೇಗೋ ಅದರ ಮೇಲೂ ಆ್ಯಪ್ ಕೂತಿತು.

"ಇದೇನ್ರಿ ಸರ್ರ, ನನಗ್ಯಾಕ ಇದು?" ಎಂದು ಕೇಳಿದ ಅಲ್ಲಿಯ ಆಪರೇಟರ್, ಐವತ್ತು ದಾಟಿದ ಮನುಷ್ಯ, ಕಿವಿಗೆ ಹತ್ತಿ ತುರುಕಿಕೊಂಡಿದ್ದ.

"ನಿಮಗ ನಡಿಗಿ ಉಳೀತೈತಿ ಅಣ್ಣಾರ" ಎಂದೆ.

ಅದು ನಿಜವೇ ಆಗಿತ್ತು. ಕಂಪ್ರೆಸರಿನ ಎಣ್ಣೆ ಅಮೋನಿಯಾ ಜೊತೆ ಹರಿದುಹೋಗಿ ಪೈಪುಗಳ ತಗ್ಗಿನಲ್ಲಿ ನಿಲ್ಲುತ್ತದೆ. ಅದನ್ನು ಆಗಾಗ ವಾಲ್ವ್ ತೆರೆದು ಬಕೆಟ್ಟಿಗೆ ಇಳಿಸಬೇಕು. ಆ ವಾಲ್ವ್ ಇರುವುದು ಚೇಂಬರುಗಳ ಮುಂದಿನ ಪ್ಯಾಸೇಜಿನಲ್ಲಿ. ಕೈ ತಪ್ಪಿದರೆ ಎಣ್ಣೆಯ ಹಿಂದೆ ಉಸಿರು ಕಟ್ಟಿಸುವ ಅನಿಲ ನುಗ್ಗುತ್ತದೆ. ಚೇಂಬರಿನೊಳಗೆ ಇದ್ದವರಿಗೆ ಹೊರಬರಲು ಅದೇ ಪ್ಯಾಸೇಜು, ಬೇರೆ ದಾರಿ ಇಲ್ಲ. ಹಾಗಾಗಿ ಒಳಗೆ ಜನ ಇದ್ದಾಗ ವಾಲ್ವ್ ಮುಟ್ಟಬಾರದು ಎಂಬುದು ಅಲ್ಲಿಯ ಕಟ್ಟುಪಾಡು. ಪ್ಯಾಸೇಜಿನ ಬಾಗಿಲಿಗೆ ಒಂದು ಪಾಟಿ, ಎಂದರೆ ಕರಿ ಸ್ಲೇಟು, ತೂಗುಹಾಕಿದ್ದರು. ಹಮಾಲರೋ ಹೆಂಗಸರೋ ಒಳಗೆ ಹೋದರೆ ಗೇಟಿನ ಕಾರಕೂನ ಬಳಪದಿಂದ ಎಷ್ಟು ಮಂದಿ ಎಂದು ಬರೆಯುತ್ತಿದ್ದ, ಅವರು ಹೊರಬಂದಾಗ ಅಂಗೈಯಿಂದ ಅಳಿಸಿ ಸೊನ್ನೆ ಬರೆಯುತ್ತಿದ್ದ. ಆಪರೇಟರ್ ಅಂಗಳ ದಾಟಿ ಬಂದು, ಪಾಟಿ ನೋಡಿ, ಆಮೇಲೆ ಪಾನಾ ಹಚ್ಚುತ್ತಿದ್ದ.

ಆ್ಯಪ್ ಬಂದ ಮೇಲೆ ಕಾರಕೂನ ತನ್ನ ಫೋನಿನಿಂದ ಸಂದೇಶ ಹಾಕತೊಡಗಿದ. ಆಪರೇಟರ್ ಕೂತಲ್ಲೇ ಓದತೊಡಗಿದ. ಮ್ಯಾನೇಜರರು ಪಾಟಿ ತೆಗೆಸಿದರು. ಮಾಲು ನೋಡಲು ಬರುವ ದೊಡ್ಡ ಖರೀದಿದಾರರ ಎದುರು ಅದು ಚೆನ್ನಾಗಿ ಕಾಣುವುದಿಲ್ಲವಂತೆ. ಮೊಳೆ ಮಾತ್ರ ಉಳಿಯಿತು. ಅದನ್ನು ನೋಡಿದಾಗ ನನಗೆ ಹೆಮ್ಮೆಯೇ ಆಗಿತ್ತು.

ಮಳೆಗಾಲ ಹಿಡಿಯಿತು. ಸರ್ವರಿನ ಸಾಫ್ಟ್‌ವೇರಿಗೆ ಹೊಸ ಆವೃತ್ತಿ ಬಂತು. ಹಳೆಯದರಲ್ಲಿ ಹೊರಗಿನವರು ನುಗ್ಗಬಹುದಾದ ಸಂದಿ ಇದೆ, ಕೂಡಲೇ ಬದಲಿಸಿ ಎಂಬ ಎಚ್ಚರಿಕೆ ಅದರ ಜೊತೆಗಿತ್ತು. ಮೊದಲು ಸರ್ವರ್ ಬದಲಿಸಿದೆ. ವಿಂಡೋಸ್ ಕಂಪ್ಯೂಟರುಗಳು, ಮ್ಯಾಕ್, ಫೋನುಗಳು ತಾವಾಗಿ ಹೊಸದನ್ನು ಇಳಿಸಿಕೊಂಡವು. ಮಷೀನ್ ರೂಮಿನ ಮುದಿ ಯಂತ್ರ ಮಾತ್ರ ಹೊಸ ಆ್ಯಪನ್ನು ಒಪ್ಪಲಿಲ್ಲ. ಹಳೆಯ ಆವೃತ್ತಿಯೂ ಕೆಲಸ ಮಾಡುತ್ತಲೇ ಇರುತ್ತದೆ ಎಂದು ಮಾಡಿದವರೇ ಬರೆದಿದ್ದರು. ನಾನು ಬರೀ ಮಾತು ನಂಬುವವನಲ್ಲ. ಒಂದೊಂದು ಯಂತ್ರಕ್ಕೂ "ಬಂತಾ?" ಎಂದು ಕಳಿಸಿದೆ. ಎಲ್ಲ ಕಡೆಯಿಂದಲೂ, ಬ್ಯಾಡಗಿಯಿಂದಲೂ, "ಬಂತು" ಎಂಬ ಉತ್ತರ ಬಂತು. ನಾನು ಪರೀಕ್ಷಿಸಿದ್ದು ಸಂದೇಶ ಮುಟ್ಟುತ್ತದೆಯೇ ಎಂದು. ಮುಟ್ಟಿದ ಸಂದೇಶ ಆಮೇಲೆ ಎಲ್ಲ ಕಡೆ ಒಂದೇ ರೀತಿ ಉಳಿಯುತ್ತದೆಯೇ ಎಂದು ಪರೀಕ್ಷಿಸಬೇಕೆಂದು ಯಾರಿಗೆ ಹೊಳೆದೀತು?

ಮೊದಲ ಸೂಚನೆ ಬಂದದ್ದು ರಾಣೆಬೆನ್ನೂರಿನಿಂದ. ಬೀಜ ಪರೀಕ್ಷೆಯ ಹುಡುಗಿ ಫೋನ್ ಮಾಡಿದಳು, ದನಿಯಲ್ಲಿ ಅಳು ಇತ್ತು.

"ಸರ, ಆಫೀಸಿನವರು ಹೇಳಿದ ಲಾಟ್ ಕಳಿಸೇನಿ, ಈಗ ನೋಡಿದ್ರ ಅದಲ್ಲ ಅಂತ ಬೈಯಾಕತ್ತಾರ. ನನ್ನ ಪರದೆ ಮ್ಯಾಲ ಇನ್ನೂ ಅದ ನಂಬರ್ ಐತ್ರಿ. ಬೇಕಾದ್ರ ಬಂದು ನೋಡ್ರಿ."

ಓದುವಾಗ ತಪ್ಪಿರಬೇಕು ಎಂದುಕೊಂಡೇ ಹೋದೆ. ಅವಳ ಪರದೆಯಲ್ಲಿ ಒಂದು ಲಾಟ್ ಸಂಖ್ಯೆ. ನನ್ನ ಫೋನಿನಲ್ಲಿ ಅದೇ ಸಂದೇಶ, ಅದೇ ಹೆಸರು, ಅದೇ ಹೊತ್ತು, ಆದರೆ ಸಂಖ್ಯೆ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಫೋನಿನಲ್ಲಿ ಸಂದೇಶದ ಕೆಳಗೆ ಬೂದು ಬಣ್ಣದ ಒಂದು ಸಣ್ಣ ಪದ: ತಿದ್ದಲಾಗಿದೆ.

ಹೊಸ ಆವೃತ್ತಿಯಲ್ಲಿ, ಕಳಿಸಿದ ಸಂದೇಶವನ್ನು ಆಮೇಲೆ ತಿದ್ದಬಹುದು. ಆಫೀಸಿನವರು ತಪ್ಪು ಸಂಖ್ಯೆ ಕಳಿಸಿ, ಕೂಡಲೇ ಅದನ್ನೇ ತಿದ್ದಿದ್ದರು. ಲಿನಕ್ಸಿನ ಒಂಟಿ ಕಡತ ತಾನಾಗಿ ಹೊಸದಾಗುವುದಿಲ್ಲ, ಇನ್ನೂ ಹಳೆಯ ಆವೃತ್ತಿಯೇ ಅಲ್ಲಿತ್ತು; ಅದನ್ನು ಬದಲಿಸಲು ನಾನೇ ಮರೆತಿದ್ದೆ. ಅದಕ್ಕೆ ತಿದ್ದುಪಡಿ ಎಂದರೆ ಏನೆಂದೇ ಗೊತ್ತಿಲ್ಲ. ಮೊದಲು ಬಂದದ್ದನ್ನೇ ತೋರಿಸುತ್ತಾ ಕೂತಿತ್ತು, ಯಾವ ದೂರೂ ಹೇಳದೆ.

ಹೊಸ ಕಡತ ಹಾಕಿದೆ. ಹುಡುಗಿಯ ಪರದೆಯಲ್ಲಿ ಸಂಖ್ಯೆ ಬದಲಾಯಿತು. ಅವಳು "ನೋಡಿದ್ರ್ಯಾ? ನಾ ಹೇಳಿದ್ದು ಖರೇ ಇತ್ತು" ಎಂದಳು. ಆಗಲೇ ಹಳೆಯ ಆವೃತ್ತಿ ಉಳಿದ ಇನ್ನೊಂದು ಯಂತ್ರ ನನ್ನ ತಲೆಯಲ್ಲಿತ್ತು.

ಫೋನು ತೆಗೆದು ಬ್ಯಾಡಗಿಯ ಗುಂಪನ್ನು ತೆರೆದೆ. ಆ ಗುಂಪನ್ನು ನಾನು ಎಂದೂ ಓದುತ್ತಿರಲಿಲ್ಲ, ಓದುವ ಕೆಲಸವೂ ಇರಲಿಲ್ಲ. ಹಿಂದೆ ಅದರಲ್ಲಿ ದಿನಕ್ಕೆ ಹತ್ತಾರು ಸಂದೇಶ ಇರುತ್ತಿದ್ದವು. ಹೊಸ ಆವೃತ್ತಿ ಬಂದಾಗಿನಿಂದ ದಿನಕ್ಕೆ ಒಂದೇ. ಇವತ್ತಿನದು: "ಒಳಗೆ ಒಂಬತ್ತು ಮಂದಿ." ಅದರ ಕೆಳಗೆ ಅದೇ ಬೂದು ಪದ.

ಗೇಟಿನ ಕಾರಕೂನನಿಗೆ ಫೋನ್ ಮಾಡಿದೆ.

"ಯಾಕ್ರಿ, ದಿನಕ್ಕ ಒಂದ ಮೆಸೇಜ್ ಹಾಕಾಕತ್ತೀರಿ?"

"ಸಾವ್ಕಾರ್ರು ಗ್ರೂಪ್ ತುಂಬಸಬ್ಯಾಡ ಅಂತ ಬೈದ್ರು ಸರ. ಈಗ ಪೆನ್ಸಿಲ್ ಗುರುತ ಒತ್ತಿದ್ರ ಅದ ಮೆಸೇಜ್ ಅಳಿಸಿ ಬರೀಬಹುದಲ್ರಿ. ಪಾಟಿ ಇದ್ದಂಗ ಆತು ನೋಡ್ರಿ, ಛಲೋ ಮಾಡೀರಿ. ಮುಂಜಾನಿ 'ಯಾರೂ ಇಲ್ಲ' ಅಂತ ಒಂದು ಹಾಕತೇನಿ. ಮಂದಿ ಹೋದಂಗ ಬಂದಂಗ ಅಳಿಸಿ ಬರೀತೇನಿ."

ಅವನು ನನ್ನನ್ನು ಹೊಗಳುತ್ತಿದ್ದ. ಮಷೀನ್ ರೂಮಿನ ಪರದೆ ಇಡೀ ದಿನ "ಒಳಗೆ ಯಾರೂ ಇಲ್ಲ" ಎಂದೇ ತೋರಿಸುತ್ತಿರಬೇಕು.

"ಆಪರೇಟರ್ ಎಲ್ಲದಾನ?"

"ಅದಾನಲ್ರಿ, ಮಷೀನ್ ರೂಮಿನ್ಯಾಗ."

"ಅವನಿಗೆ ಹೋಗಿ ಹೇಳು, ಎಣ್ಣಿ ವಾಲ್ವ್ ಮುಟ್ಟಬ್ಯಾಡ ಅನ್ನು. ಲಗೂ ಹೋಗು."

"ಈಗ ಲಾರಿ ಒಳಗ ಬರಾಕತ್ತೈತ್ರಿ, ತೂಕ ಆದ ಮ್ಯಾಲ..."

"ಲಾರಿ ಸುಡುಗಾಡಿಗೆ ಹೋಗ್ಲಿ!" ಎಂದು ಕೂಗಿದೆ. ಅಷ್ಟರಲ್ಲಿ ಅತ್ತ ಕಡೆ ಲಾರಿಯ ಹಾರ್ನು ಕೇಳಿ, ಮಾತು ತುಂಡಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಆಪರೇಟರಿಗೆ ಮಾಡಿದೆ, ರಿಂಗಾಗಿ ನಿಂತಿತು. ಕಂಪ್ರೆಸರಿನ ಸದ್ದಿನಲ್ಲಿ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡವನಿಗೆ ಫೋನು ಕೇಳುವುದೆಲ್ಲಿಂದ? ಮ್ಯಾನೇಜರರು ಹಾವೇರಿಗೆ ಹೋಗಿದ್ದರು.

ಬೈಕು ಹತ್ತಿದೆ. ಹೆದ್ದಾರಿಯಲ್ಲಿ ಮಳೆ ಹನಿ ಸೂಜಿಯ ಹಾಗೆ ಮುಖಕ್ಕೆ ಹೊಡೆಯುತ್ತಿತ್ತು. ಮೋಟೆಬೆನ್ನೂರಿನಲ್ಲಿ ಒಳಕ್ಕೆ ತಿರುಗುವಾಗ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು ಸುರುವಾಯಿತು, ಗಂಟಲು ಕೆರೆಯಿತು. ಬ್ಯಾಡಗಿಯಲ್ಲಿ ಕೆಮ್ಮುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಹಿಂದೊಮ್ಮೆ ಆಪರೇಟರ್ ಹೇಳಿದ ಮಾತು ಆಗ ನೆನಪಾಯಿತು: "ಬ್ಯಾರೆ ಕಡೆ ಗ್ಯಾಸ್ ಸೋರಿದ್ರ ಕೆಮ್ಮಿನ ಮ್ಯಾಲ ಗೊತ್ತಾಕ್ಕೈತ್ರಿ. ಇಲ್ಲಿ ಹುಟ್ಟಿದ ಕೂಸೂ ಕೆಮ್ಮತೈತಿ."

ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಲಾರಿ ಅಡ್ಡ ನಿಂತಿತ್ತು. ಕಾರಕೂನ ತೂಕದ ಕಾಟಾದ ಬಳಿ ಚಾಲಕನೊಡನೆ ವಾದ ಮಾಡುತ್ತಿದ್ದ. ಬೈಕನ್ನು ಅಲ್ಲೇ ಬಿಟ್ಟು ಓಡಿದೆ. ಮಷೀನ್ ರೂಮಿನಲ್ಲಿ ಯಾರೂ ಇರಲಿಲ್ಲ. ಸ್ಟೂಲು ಖಾಲಿ. ಮುದಿ ಕಂಪ್ಯೂಟರಿನ ಪರದೆಯಲ್ಲಿ, ನಾನೇ ಹಾಕಿಕೊಟ್ಟ ಚಂದದ ಅಕ್ಷರಗಳಲ್ಲಿ: "ಒಳಗೆ ಯಾರೂ ಇಲ್ಲ." ಗೋಡೆಯ ಮೇಲೆ ಪಾನಾ ತೂಗುಹಾಕುವ ಕೊಕ್ಕೆಯೂ ಖಾಲಿ.

ಪ್ಯಾಸೇಜಿನ ಬಾಗಿಲಿಗೆ ಬಂದೆ. ಹೊಸ್ತಿಲ ಹೊರಗೆ ಚಪ್ಪಲಿಗಳು. ಬೆಳೆದ ಮಾಲಿನ ನಡುವೆ ಚಪ್ಪಲಿ ಹಾಕಿ ತಿರುಗಾಡುವುದಿಲ್ಲ ನಮ್ಮ ಹೆಂಗಸರು. ಒಳಗೆ ಎಷ್ಟು ಥಂಡಿ ಇರಲಿ, ಹಳೆಯ ಕಾಲುಚೀಲದ ಮೇಲೆ ಗೋಣಿಯ ತುಂಡು ಸುತ್ತಿಕೊಂಡು ಹೋಗುತ್ತಾರೆ. ಒಂಬತ್ತು ಜೊತೆ, ಸಾಲಾಗಿ, ಮಳೆಯಲ್ಲಿ ನೆನೆದು.

ಒಳಗೆ ಅರ್ಧ ಕತ್ತಲೆ. ಆಪರೇಟರ್ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅನಿಲ ತಡೆಯುವ ಮುಖವಾಡ ಇನ್ನೂ ಕೊರಳಲ್ಲೇ. ಪಾನಾ ವಾಲ್ವಿನ ಮೇಲೆ.

"ತಗೀಬ್ಯಾಡ!" ಎಂದು ಕಿರುಚಿದೆ. ಹತ್ತಿ ಇದ್ದ ಕಿವಿಗೆ ಮುಟ್ಟಲಿಲ್ಲ. ಹೋಗಿ ಮಣಿಕಟ್ಟು ಹಿಡಿದೆ. ಅವನು ಬೆಚ್ಚಿಬಿದ್ದು, ನನ್ನನ್ನು ದಬ್ಬಿಯೇಬಿಟ್ಟ, ಕಿವಿಯ ಹತ್ತಿ ಕಿತ್ತ.

"ಏನ್ ಹುಚ್ಚ್ ಹಿಡದೈತ್ರಿ ನಿಮಗ? ಕೈ ಜಾರಿದ್ರ ಇಬ್ಬರೂ ಇಲ್ಲೇ ಹೆಣಾ ಆಕ್ಕೇವಿ!"

"ಒಳಗ ಮಂದಿ ಅದಾರ."

"ಯಾರೂ ಇಲ್ರಿ. ನೋಡಿ ಬಂದೇನಿ."

"ಎಲ್ಲಿ ನೋಡಿದ್ರಿ?"

"ನಿಮ್ಮ ಡಬ್ಬಿಯಾಗ. ಹೊರಗ ಚಪ್ಪಲಿ ಕಂಡೇನಿ, ಆದ್ರ ಡಬ್ಬಿನ ಖರೇ ಅನ್ಕೊಂಡೆ."

ಚೇಂಬರಿನ ದಪ್ಪ ಬಾಗಿಲ ಹಿಡಿಕೆ ಎಳೆದೆ. ತಣ್ಣನೆಯ ಹಬೆ ಹೊರಗೆ ಬಂತು, ಅದರ ಜೊತೆ ಹೆಂಗಸರ ನಗು. ಯಾರೋ ಯಾರ ಮದುವೆಯನ್ನೋ ಆಡಿಕೊಳ್ಳುತ್ತಿದ್ದರು. ಆಪರೇಟರ್ ಪಾನಾವನ್ನು ಮೆಲ್ಲಗೆ ನೆಲಕ್ಕಿಟ್ಟ. ಅವನ ಮುಖ ನಾನು ಮರೆಯುವುದಿಲ್ಲ.

ಗ್ಯಾಂಗಿನ ಹಿರಿಯಾಕೆ ಮೊದಲು ಹೊರಗೆ ಬಂದಳು, ಕೈಯಲ್ಲಿ ಚೀಲ ಹೊಲಿಯುವ ದಬ್ಬಣ.

"ಏನ್ ತಮ್ಮಾ, ಕಂಪ್ಯೂಟರ್ ಬಿಟ್ಟು ಚೀಲಾ ಹೊಲ್ಯಾಕ ಬಂದಿ ಏನು? ಬಾ, ಒಂದು ದಬ್ಬಣ ಹೆಚ್ಚಿಗಿ ಐತಿ."

ಆಪರೇಟರ್ ನಗಲಿಲ್ಲ. "ಯಕ್ಕಾ, ಮೊನ್ನೆನೂ ಒಳಗ ಇದ್ರೇನು?" ಎಂದು ಕೇಳಿದ.

"ವಾರಾತು ದಿನಾ ಇದ್ದೇವಿ. ಯಾಕ?"

"ಮೊನ್ನೆ ನಾ ಎಣ್ಣಿ ಇಳಿಸೇನಿ. ಮಳಿಗಾಲ, ಮಾಲು ಎತ್ತಾಕತ್ತಿಲ್ಲ, ಅದಕ್ಕ ಯಾರೂ ಇಲ್ಲ ಅಂತ ಬರಾಕತ್ತೈತಿ ಅನ್ಕೊಂಡೆ."

ಆಕೆ ದಬ್ಬಣವನ್ನು ಸೆರಗಿಗೆ ಚುಚ್ಚಿಕೊಂಡಳು. ಹಿಂದೆ ನಿಂತಿದ್ದವರ ಕಡೆ ಒಮ್ಮೆ ನೋಡಿದಳು.

"ಮೊನ್ನೆ ಎಲ್ಲಾರಿಗೂ ಕಣ್ಣುರಿ ಹತ್ತಿತ್ತಲ್ಲೇ" ಎಂದಳು ಅವರಿಗೆ. "ಯಾವದೋ ಚೀಲ ಹರದೈತಿ, ಮೆಣಸಿನಕಾಯಿ ಘಾಟು ಅಂತ ಸೆರಗ ಮುಚ್ಚಿಕೊಂಡು ಹೊಲದ್ವಿ."

ಅಂಗಳದ ಆಚೆ ಕಂಪ್ರೆಸರ್ ಗುಡುಗುತ್ತಲೇ ಇತ್ತು. ನನಗೂ ಕೆಮ್ಮು ಬಂತು. ಅದು ಯಾವುದರ ಕೆಮ್ಮು ಎಂದು ತಿಳಿಯದೆ ಎಲ್ಲರೂ ನನ್ನ ಮುಖ ನೋಡಿದರು.

ಆ ಮುದಿ ಯಂತ್ರದಿಂದ ಆ್ಯಪನ್ನು ಅವತ್ತೇ ಕಿತ್ತುಹಾಕಿದೆ. ಹಳೆಯ ಪಾಟಿ ಸಾಮಾನಿನ ಕೋಣೆಯಲ್ಲಿ ಸಿಕ್ಕಿತು, ಅದೇ ಮೊಳೆಗೆ ತೂಗುಹಾಕಿಸಿದೆ. ಆದರೆ ಹಿರಿಯಾಕೆಗೆ ಸಮಾಧಾನವಾಗಲಿಲ್ಲ.

"ಪಾಟಿ ಇವತ್ತ ಇರತೈತಿ, ನಾಳೆ ಇನ್ನೊಬ್ಬಾಂವ ಬಂದು ತಗೀತಾನ" ಎಂದಳು. "ಆ ಪಾನಾ ನನ್ನ ಕೈಯಾಗ ಕೊಡ್ರಿ. ಒಳಗ ಹೋಗೂ ಮುಂದ ನಾ ಒಯ್ಯತೇನಿ, ಹೊರಗ ಬಂದ ಮ್ಯಾಲ ಕೊಡತೇನಿ. ಪಾನಾ ಇಲ್ಲದ ಆಂವ ಹೆಂಗ ತಗೀತಾನ?"

ಆಪರೇಟರ್ ಕೂಡಲೇ ಒಪ್ಪಿದ. ಅವನಿಗೆ ತನ್ನ ಕೈಯ ಮೇಲಿನ ನಂಬಿಕೆಯೇ ಹೋಗಿತ್ತು.

ಮರುದಿನ ಸಾಹುಕಾರರ ಮುಂದೆ ಕೂತೆ. ನಡೆದದ್ದನ್ನು ಹೇಳಿದೆ. ಅವರು ಪೂರಾ ಕೇಳಿಸಿಕೊಂಡರು.

"ಹೊಸಾ ಕಂಪ್ಯೂಟರ್ ಹಾಕಿಬಿಡು. ಎಲ್ಲಾ ಒಂದ ಆವೃತ್ತಿ ಆತು, ಮುಗೀತು."

"ಇವತ್ತಿಗೆ ಮುಗೀತೈತ್ರಿ. ಮುಂದಿನ ಅಪ್‌ಡೇಟಿಗೆ ಏನಾಕ್ಕೈತೋ ನನಗೂ ಗೊತ್ತಿಲ್ಲ, ಮಾಡಿದವರಿಗೂ ಗೊತ್ತಿಲ್ಲ. ಜೀವದ ಮಾತು ಇದರಾಗ ಬ್ಯಾಡ್ರಿ. ಪಾನಾ ಅವರ ಕೈಯಾಗ ಇರ್ಲಿ."

"ಕೂಲಿಗೆ ಬರೂ ಹೆಣ್ಮಕ್ಕಳು ಹೊರಗ ಬರೂ ತನಕ ನನ್ನ ಮಷೀನು ಕಾಯಬೇಕೇನು? ನೀ ಕಂಪ್ಯೂಟರ್ ಹಾಕಾಂವ. ಪಾನಾದ ಉಸಾಬರಿ ನಿನಗ್ಯಾಕ?"

ಸಾಹುಕಾರರ ಭಾಮೈದನ ಮಗ ಹೊಸದಾಗಿ ಕಂಪ್ಯೂಟರ್ ಅಂಗಡಿ ತೆಗೆದಿದ್ದ. ನನ್ನ ಒಪ್ಪಂದ ಅವನಿಗೆ ಕೊಡಿಸಲು ಮನೆಯಲ್ಲಿ ಒತ್ತಡ ಇತ್ತು, ನನ್ನ ಕಾಗದ ಅಡ್ಡ ಬರುತ್ತಿತ್ತು. ಇದು ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಚೌಕಾಶಿಯಲ್ಲಿ ಇಂಥ ಸುದ್ದಿಯನ್ನು ಕೊನೆಯ ತನಕ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿರಬೇಕು.

ಒಪ್ಪಂದದ ಕಾಗದವನ್ನು ಮೇಜಿನ ಮೇಲಿಟ್ಟೆ. "ಇದನ್ನ ನಾ ಹರೀತೇನಿ, ಪಾಸ್‌ವರ್ಡ್ ಎಲ್ಲಾ ಕೊಟ್ಟು ಹೋಗತೇನಿ, ನಿಮ್ಮ ಹುಡುಗ ನಾಳೆನ ಬರ್ಲಿ. ಬದಲಿಗೆ ಎರಡು ಮಾತು. ಪಾನಾದ ನಿಯಮ ನಿಮ್ಮ ಸಹಿ ಹಾಕಿ ಪ್ಯಾಸೇಜಿನ ಬಾಗಿಲಿಗೆ ಹಚ್ಚಬೇಕು. ಮೊನ್ನೆ ಒಳಗಿದ್ದವರನ್ನ ಡಾಕ್ಟರ್ ಕಡೆ ಕರಕೊಂಡು ಹೋಗಬೇಕು. ಇಲ್ಲಾಂದ್ರ ಫ್ಯಾಕ್ಟರಿ ತಪಾಸಣಿ ಸಾಹೇಬ್ರ ಮುಂದ ನಾನ ಹೋಗಿ ಹೇಳತೇನಿ."

"ಹೆದರಸಾಕತ್ತೀ ಏನಲೇ?"

"ವ್ಯಾಪಾರ ಮಾಡಾಕತ್ತೇನ್ರಿ."

ಅವರು ಒಪ್ಪಂದದ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಪೆನ್ನು ಕೇಳಿದರು.

ಈಚೆಗೆ ಬೇರೆ ಕೆಲಸಕ್ಕೆ ಬ್ಯಾಡಗಿಗೆ ಹೋದಾಗ ಒಳಗೆ ಇಣುಕಿ ಬಂದೆ. ಮಷೀನ್ ರೂಮಿಗೆ ಹೊಸ ಕಂಪ್ಯೂಟರ್ ಬಂದಿದೆ. ಎಲ್ಲ ಯಂತ್ರಗಳಲ್ಲೂ ಈಗ ಒಂದೇ ಆವೃತ್ತಿ ಇದೆಯಂತೆ. ಪಾಟಿ ಮತ್ತೆ ಕಾಣಲಿಲ್ಲ, ಮೊಳೆ ಬೋಳಾಗಿತ್ತು. ಆದರೆ ಆಪರೇಟರ್ ಪ್ಯಾಸೇಜಿನ ಹೊರಗೆ, ಚಪ್ಪಲಿಗಳ ಪಕ್ಕ, ಖಾಲಿ ಬಕೆಟ್ಟಿನ ಮೇಲೆ ಸುಮ್ಮನೆ ಕೂತಿದ್ದ.

"ಪಾನಾ ಒಳಗೈತ್ರಿ" ಎಂದ. "ಕುಂದ್ರಿ."

ನೀವು ಯಾರಾದರೂ ಇಂಥ ಕೆಲಸ ಹಿಡಿದವರಾದರೆ ನನ್ನ ಮಾತು ಕೇಳಿ. ಅಪ್‌ಡೇಟ್ ಮಾಡುವ ಮೊದಲು ಯಾವ ಯಂತ್ರ ಹೊಸದನ್ನು ಒಪ್ಪುವುದಿಲ್ಲ ಎಂದು ತಿಳಿದುಕೊಳ್ಳಿ, ಅದರ ಮುಂದೆ ಕೂರುವವನು ಅದನ್ನು ನಂಬಿ ಏನು ಮಾಡುತ್ತಾನೆ ಎಂದು ಹೋಗಿ ನೋಡಿ. ಹೊಸ ಆವೃತ್ತಿಯಲ್ಲಿ ಒಂದು ಹೊಸ ಗುಂಡಿ ಬಂದಿದ್ದರೆ ಅದನ್ನು ಹೊಸ ಯಂತ್ರದಲ್ಲಿ ಒತ್ತಿ, ಎದ್ದು ಹೋಗಿ, ಹಳೆಯ ಯಂತ್ರದಲ್ಲಿ ಏನು ಕಾಣುತ್ತದೆ ಎಂದು ನಿಮ್ಮ ಕಣ್ಣಿಂದಲೇ ನೋಡಿ. ಲಿನಕ್ಸಿನ ಒಂಟಿ ಕಡತ ತಾನಾಗಿ ಬದಲಾಗದು, ನೆನಪಿರಲಿ. ಆಡಳಿತದ ಸೆಟ್ಟಿಂಗಿನಲ್ಲಿ ತಿದ್ದುವ ಸೌಲಭ್ಯವನ್ನು ಬಂದ್ ಮಾಡಬಹುದು. ಮೊದಲ ದಿನವೇ ಮಾಡಿ. ದರದಲ್ಲಿ ಬೇಕಾದಷ್ಟು ಚೌಕಾಶಿ ಮಾಡಿ, ಹೋಗಿ ನೋಡಿ ಬರುವ ಹೊತ್ತನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ.

ಮತ್ತೆ, ಬಾಗಿಲ ಹೊರಗೆ ಚಪ್ಪಲಿ ಇದ್ದರೆ, ಪರದೆ ಏನೇ ಹೇಳುತ್ತಿರಲಿ, ಕೂತು ಕಾಯಿರಿ.